ತೀರ್ಥಕ್ಕೆ ಮುನ್ನ ಬ್ರೇಕು

ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಸ್ಮರಣೆಯನ್ನು ಧರ್ಮಸಭೆಯು 1969ರಲ್ಲಿ ತನ್ನ ಸಾರ್ವತ್ರಿಕ ಪಂಚಾಂಗದಿಂದ ಕೈಬಿಟ್ಟಿತಾದರೂ ಜುಲೈ 25 ಬಂತೆಂದರೆ ನಮ್ಮ ಜನ ಅವರನ್ನು ಮರೆಯುವುದಿಲ್ಲ. ಆ ದಿನಕ್ಕೆ ಹತ್ತಿರದ ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ವಾಹನಗಳನ್ನು ಸಾಲಾಗಿ ನಿಲ್ಲಿಸಿ ಆಶೀರ್ವದಿಸುವ ಪದ್ಧತಿ ನಮ್ಮ ಧರ್ಮಕೇಂದ್ರದಲ್ಲಿಯೂ ಉಂಟು. ಈ ಸಲದ ಸಾಲಿನಲ್ಲಿ ಹೊಸ ಸ್ಕೂಟರುಗಳಿದ್ದವು, ಕಂತಿನ ಸಾಲ ಇನ್ನೂ ತೀರದ ಕಾರುಗಳಿದ್ದವು, ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡುಗಳಿದ್ದವು, ಒಂದು ಟ್ರ್ಯಾಕ್ಟರೂ ಇತ್ತು. ಎಲ್ಲಕ್ಕೂ ಕೊನೆಯಲ್ಲಿ ನಮ್ಮ ಹಳೆಯ ಯೆಜ್ಡಿ ನಿಂತಿತ್ತು.

ಗುರುಗಳು ಪ್ರಾರ್ಥನೆ ಹೇಳಿ ಒಂದೊಂದಕ್ಕೂ ತೀರ್ಥ ಚಿಮುಕಿಸುತ್ತ ಬಂದರು. ಆಶೀರ್ವಾದ ಮುಗಿಯುತ್ತಲೇ ಮಿಕ್ಕ ವಾಹನಗಳೆಲ್ಲ ಗುಂಡಿ ಒತ್ತಿದೊಡನೆ ಹೊರಟುಹೋದವು. ನಮ್ಮದು ಹದಿನೇಳು ಒದೆ ತಿಂದರೂ ಉಸಿರೆತ್ತಲಿಲ್ಲ. ಗಾಯನವೃಂದದ ಹುಡುಗನೊಬ್ಬ, "ಫಾದರ್, ಇದಕ್ಕೆ ಇನ್ನೊಂದ್ಸಲ ತೀರ್ಥ ಹಾಕಿ" ಎಂದು ಕೂಗಿದ. ಅಂಗಳವೆಲ್ಲ ನಕ್ಕಿತು. ಗುರುಗಳು ನಕ್ಕರು, ನಾವೂ ನಕ್ಕೆವು. ಇಬ್ಬರು ಯುವಕರು ಹಿಂದಿನಿಂದ ತಳ್ಳಿ ನಮ್ಮನ್ನು ರಸ್ತೆಗೆ ಹತ್ತಿಸಿದರು. ಆದರೆ ಆ ನಗೆಯ ಮರೆಯಲ್ಲಿ ನಾವು ಒಂದು ಸಂಗತಿಯನ್ನು ಮುಚ್ಚಿಟ್ಟುಕೊಂಡಿದ್ದೆವು. ನಮ್ಮ ಬೈಕಿನ ಹಿಂದಿನ ಬ್ರೇಕು ಒಂದು ವಾರದಿಂದ ಸಡಿಲವಾಗಿತ್ತು. ಅದು ನಮಗೆ ಗೊತ್ತಿತ್ತು. ಗೊತ್ತಿದ್ದೂ ತೀರ್ಥಕ್ಕೆ ತಲೆಯೊಡ್ಡಿ ನಿಂತಿದ್ದೆವು. ಮುಂದೆ ಏನಾಯಿತೆಂಬುದನ್ನು ಬರೆಯುವ ಮುನ್ನ, ಇಪ್ಪತ್ತೆರಡು ವರ್ಷ ಬೈಕು ಮುಟ್ಟದಿದ್ದ ನಾವು ಈ ವಯಸ್ಸಿನಲ್ಲಿ ಇಂಥ ಗಾಡಿಯನ್ನು ಏಕೆ ಕೊಂಡೆವೆಂಬುದನ್ನು ವಾಚಕರಿಗೆ ತಿಳಿಸಬೇಕು.

ನಮ್ಮ ಬಾಲ್ಯದಲ್ಲಿ ಹಳ್ಳಿಯ ಪ್ರಾರ್ಥನಾಲಯಕ್ಕೆ ತಿಂಗಳಿಗೆ ಒಂದೋ ಎರಡೋ ಸಲ ಪೂಜೆ ಇರುತ್ತಿತ್ತು. ಗುರುಗಳು ಜಾವಾ ಮೋಟಾರು ಸೈಕಲ್ಲಿನಲ್ಲಿ ಬರುತ್ತಿದ್ದರು. ಪೂಜಾವಸ್ತ್ರಗಳ ಪೆಟ್ಟಿಗೆಯನ್ನು ಹಿಂದಿನ ಆಸನಕ್ಕೆ ಹಗ್ಗದಿಂದ ಕಟ್ಟಿರುತ್ತಿದ್ದರು. ಕೆರೆಯ ಏರಿಯ ಆಚೆಗೆ ಅದರ ಸದ್ದು ಕೇಳಿತೆಂದರೆ ಉಪದೇಶಿಗಳು ಗಂಟೆ ಹೊಡೆಯಲು ನಮ್ಮನ್ನು ಓಡಿಸುತ್ತಿದ್ದರು. ಸದ್ದು ಕೇಳಿಸದ ದಿನ ಗಾಡಿ ಎಲ್ಲಿಯೋ ಕೆಟ್ಟು ನಿಂತಿದೆಯೆಂದು ಹಿರಿಯರು ಊಹಿಸಿ ಜಪಸರಕ್ಕೆ ಮೊಣಕಾಲೂರುತ್ತಿದ್ದರು. ಒಂದೆರಡು ಸಲ ಗುರುಗಳು ಕೈಯೆಲ್ಲ ಕರಿ ಮಾಡಿಕೊಂಡು ಮಧ್ಯಾಹ್ನದ ಹೊತ್ತಿಗೆ ಬಂದು, ಬಾವಿಕಟ್ಟೆಯಲ್ಲಿ ಕೈತೊಳೆದು ಪೂಜೆ ಅರ್ಪಿಸಿದ್ದು ನಮಗೆ ನೆನಪಿದೆ.

ದೂರದ ಮಂದಿಯನ್ನು ಗುರುಗಳು ಸಕಾಲಕ್ಕೆ ತಲುಪುವುದು ಎಷ್ಟು ದೊಡ್ಡ ಮಾತೆಂಬುದಕ್ಕೆ ಒಂದು ಸಂಘಟನೆಯೇ ಸಾಕ್ಷಿಯಾಗಿದೆ. ಜರ್ಮನಿಯ ಪಾಲ್ ಶುಲ್ಟೆ ಎಂಬ ಗುರುಗಳ ಮಿತ್ರರೊಬ್ಬರು 1925ರಲ್ಲಿ ಇಂದಿನ ನಮೀಬಿಯದಲ್ಲಿ ಧರ್ಮಪ್ರಚಾರದಲ್ಲಿದ್ದಾಗ, ಕಾಯಿಲೆ ಬಿದ್ದು, ವೈದ್ಯರ ಬಳಿಗೆ ಬೇಗ ಒಯ್ಯುವ ವಾಹನವಿಲ್ಲದೆ ತೀರಿಕೊಂಡರು. ಆ ದುಃಖದಲ್ಲಿಯೇ ಶುಲ್ಟೆಯವರು 1927ರಲ್ಲಿ ಮಿವಾ ಎಂಬ ಸಂಸ್ಥೆಯನ್ನು ಕಟ್ಟಿ, ಮಿಷನ್ ಕ್ಷೇತ್ರಗಳಿಗೆ ವಾಹನ ಒದಗಿಸುವ ಕೆಲಸಕ್ಕೆ ಕೈಹಾಕಿದರು. ಅದರ ಆಸ್ಟ್ರಿಯದ ಶಾಖೆಗೆ ನಾವು ಮುಂದೆ ಬರುತ್ತೇವೆ.

ಜಾವಾ ಮೂಲತಃ ಚೆಕ್ ದೇಶದ ಗಾಡಿ. 1929ರಲ್ಲಿ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ಲಿನ ಹಕ್ಕು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿ ಆ ಹೆಸರಿಟ್ಟ. ನಮ್ಮಲ್ಲಿ ಅದು ಮೈಸೂರಿನ ಗಾಡಿಯಾಯಿತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿದ್ದ ಈ ಬೈಕು 1973ರಿಂದ ಯೆಜ್ಡಿ ಎಂಬ ಹೆಸರು ಪಡೆಯಿತು. ಕಾರ್ಖಾನೆಯನ್ನು ಕಟ್ಟಿದ ಇರಾನಿ ಮನೆತನದವರ ಪೂರ್ವಿಕರ ನಾಡಿನ ಯಜ್ದ್ ನಗರದ ನೆನಪು ಆ ಹೆಸರಿನಲ್ಲಿದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳನ್ನು ಬೇರೊಂದು ಕಂಪನಿಯವರು ಮತ್ತೆ ಬಳಕೆಗೆ ತಂದಿದ್ದಾರೆ. ಅವು ಹೊಸ ಕಾಲದ ನಾಲ್ಕು ಸ್ಟ್ರೋಕಿನ ಬೈಕುಗಳು. ನಮ್ಮದು ಹಳೆಯ, ಎರಡು ಸ್ಟ್ರೋಕಿನ, ಎಣ್ಣೆ ಬೆರೆಸಿದ ಪೆಟ್ರೋಲು ಕುಡಿಯುವ, ಎರಡು ಕೊಳವೆಗಳಿಂದ ನೀಲಿ ಹೊಗೆ ಬಿಡುವ ಗಾಡಿ.

ಯೌವನದಲ್ಲಿ ನಮಗೂ ಒಂದು ಯೆಜ್ಡಿ ಇತ್ತು. ಮಗಳ ಓದಿಗಾಗಿ ಅದನ್ನು ಮಾರಿದೆವು. ಆ ಬಗ್ಗೆ ನಮಗೆ ವಿಷಾದವಿಲ್ಲ. ಆಮೇಲೆ ಇಪ್ಪತ್ತೆರಡು ವರ್ಷ ಬಸ್ಸೇ ಗತಿಯಾಯಿತು. ನಿವೃತ್ತಿಯ ಹಣ ಕೈಗೆ ಬಂದಾಗ ಹಳೆಯ ಆಸೆ ತಲೆಯೆತ್ತಿತು. ಮನೆಯಾಕೆ, "ರೀ, ನಿಮ್ಮ ಸೊಂಟಕ್ಕೂ ಆ ಗಾಡಿಗೂ ಜೋಡಿ ಸರಿಯಾಗಿದೆ ಬಿಡಿ" ಎಂದಷ್ಟೇ ಹೇಳಿದರು. ಅದನ್ನು ನಾವು ಒಪ್ಪಿಗೆಯೆಂದು ತಿಳಿದೆವು.

ಹೊಸಕೋಟೆಯ ಕಡೆಯ ಒಬ್ಬರಲ್ಲಿ ಬೈಕು ಮಾರಾಟಕ್ಕಿದೆಯೆಂದು ತಿಳಿದು ಹೋಗಿ ನೋಡಿದೆವು. ಟ್ಯಾಂಕಿಗೆ ಹೊಸ ಬಣ್ಣ, ಕ್ರೋಮಿಯಂ ಭಾಗಗಳಿಗೆ ಹೊಳಪು. ಮಾರುವವರು ಒಂದೇ ಒದೆತಕ್ಕೆ ಇಂಜಿನ್ ಹೊರಡಿಸಿ ತೋರಿಸಿದರು. ನಾವು ಹೋಗುವ ಮೊದಲೇ ಅವರು ಅದನ್ನು ಚಾಲೂ ಮಾಡಿ ಬಿಸಿ ಮಾಡಿ ಇಟ್ಟಿದ್ದರೆಂಬುದು ನಮಗೆ ಆಮೇಲೆ ಹೊಳೆಯಿತು. ಬಳಸಿದ ಬೈಕು ಕೊಳ್ಳಹೋಗುವ ವಾಚಕರು ಮೊದಲು ಇಂಜಿನ್ನಿನ ಮೇಲೆ ಕೈಯಿಟ್ಟು ನೋಡಲಿ. ಬೆಚ್ಚಗಿದ್ದರೆ ಚಹಾ ಕುಡಿದು, ಊರಿನ ಮಾತಾಡಿ, ಅದು ಪೂರ್ತಿ ತಣ್ಣಗಾದ ಮೇಲೆ ತಮ್ಮ ಕಾಲಿನಿಂದಲೇ ಒದೆಯಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2213 ಎಂದಿದ್ದರೆ ಅದು 2013ರ 22ನೆಯ ವಾರದಲ್ಲಿ ತಯಾರಾದದ್ದು. ಮೇಲಿನ ಹಲ್ಲು ಎಷ್ಟೇ ಚೆನ್ನಾಗಿ ಕಂಡರೂ ಅಷ್ಟು ಹಳೆಯ ರಬ್ಬರನ್ನು ನಂಬಬಾರದು. ನೋಂದಣಿ ಪತ್ರಕ್ಕೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣವಾಗಿರಬೇಕು. ಅದನ್ನೂ ಕೇಳಿ ನೋಡಲಿ. ನಾವು ಇದೊಂದನ್ನೂ ಮಾಡಲಿಲ್ಲ. ಟ್ಯಾಂಕಿನ ಬಣ್ಣದಲ್ಲಿ ನಮ್ಮ ಮುಖ ಕಂಡಿತು, ಹಣ ಎಣಿಸಿಕೊಟ್ಟೆವು.

ಮೊದಲ ತಿಂಗಳಲ್ಲಿಯೇ ಗಾಡಿ ನಾಲ್ಕು ಕಡೆ ನಿಂತಿತು. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಸದ್ದಿನ ನಡುವೆ ಅಂಗಡಿ ಇಟ್ಟುಕೊಂಡಿರುವ ಹಿರಿಯ ಮೆಕ್ಯಾನಿಕ್ ಒಬ್ಬರು ನಮಗೆ ಆಸರೆಯಾದರು. ಹಳೆಯ ಜಾವಾ ಯೆಜ್ಡಿಗಳ ಕೈಬಳಕೆ ಇರುವವರು ಈಗ ಬೆರಳೆಣಿಕೆಯಷ್ಟು. ಅವರು ಕಾರ್ಬ್ಯುರೇಟರನ್ನು ಬಿಚ್ಚಿ, ಸೂಜಿಯ ತೂತಿನಷ್ಟು ಸಣ್ಣ ಜೆಟ್ಟನ್ನು ಬೆಳಕಿಗೆ ಹಿಡಿದು ತೋರಿಸಿದರು. ಅದರೊಳಗೆ ಗೋಂದಿನಂತಹ ಅಂಟು ತುಂಬಿತ್ತು. ಗಾಡಿ ವರ್ಷಗಟ್ಟಲೆ ನಿಂತಾಗ ಪೆಟ್ರೋಲು ಆರಿ ಹಿಂದೆ ಉಳಿಯುವುದು ಇದೇ. ಟ್ಯಾಂಕಿನ ಒಳಗೆ ತುಕ್ಕು, ಇಂಜಿನ್ನಿನ ರಬ್ಬರು ಸೀಲುಗಳು ಕಲ್ಲಿನಂತೆ ಗಟ್ಟಿ, ಕಿಡಿ ಹುಟ್ಟಿಸುವ ಪಾಯಿಂಟಿನ ಮೇಲೆ ಬೂದುಬಣ್ಣದ ಪದರ. ಇದರ ಮೇಲೆ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ. ಆ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಎಲ್ಲವನ್ನೂ ನೋಡಿ ಮೆಕ್ಯಾನಿಕ್ಕರು ಹೇಳಿದ ಮಾತು ಹೀಗಿತ್ತು: "ಗಾಡಿ ಕೆಟ್ಟಿಲ್ಲ ಸಾರ್, ಕೂತು ಕೂತು ಹಿಡ್ಕೊಂಡದೆ. ನಿಮ್ದೂ ಅಷ್ಟೇ, ಮೊದಲು ನಿಧಾನಕ್ಕೆ ಓಡಿಸಿ ಕೈಕಾಲು ಬಿಡಿಸ್ಕೊಳ್ಳಿ."

ಆ ಮಾತಿನ ಮೊದಲ ಅರ್ಧವನ್ನು ನಾವು ಸಂತೋಷದಿಂದ ಕೇಳಿಸಿಕೊಂಡೆವು. ಎರಡನೆಯ ಅರ್ಧ ನಮಗೆ ರುಚಿಸಲಿಲ್ಲ.

ಬಹುಕಾಲದ ನಂತರ ಬೈಕಿಗೆ ಮರಳುವವನನ್ನು ಮೋಸಗೊಳಿಸುವುದು ಅವನ ಹಳೆಯ ನೆನಪೇ. ಯೆಜ್ಡಿಯಲ್ಲಿ ಗೇರಿನ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ನಮ್ಮ ಕಾಲು ಅದನ್ನು ಇಪ್ಪತ್ತೆರಡು ವರ್ಷವಾದರೂ ಮರೆತಿರಲಿಲ್ಲ. ಒಂದು ಕಿಲೋಮೀಟರು ಓಡಿಸುವಷ್ಟರಲ್ಲಿ ಎಲ್ಲವೂ ಹಾಗೆಯೇ ಇದೆಯೆಂಬ ಭ್ರಮೆ ನಮ್ಮನ್ನು ಆವರಿಸಿತು. ಆದರೆ ಕಣ್ಣು ಹಾಗೆಯೇ ಇರಲಿಲ್ಲ; ಸಂಜೆಯ ಹೊತ್ತಿನಲ್ಲಿ ಎದುರಿನ ದೀಪ ಕಣ್ಣಿಗೆ ಚುಚ್ಚುತ್ತದೆ. ಕುತ್ತಿಗೆ ಹಿಂದಕ್ಕೆ ಮೊದಲಿನಷ್ಟು ತಿರುಗುವುದಿಲ್ಲ. ಕಂಡದ್ದಕ್ಕೂ ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೂ ನಡುವೆ ಹಿಂದೆ ಇಲ್ಲದಿದ್ದ ಒಂದು ಕ್ಷಣ ಹುಟ್ಟಿಕೊಂಡಿದೆ.

ರಸ್ತೆಯಂತೂ ಪೂರ್ತಿ ಬೇರೆಯಾಗಿದೆ. ನಾವು ಬೈಕು ಮಾರಿದಾಗ ದೇವನಹಳ್ಳಿಯ ವಿಮಾನ ನಿಲ್ದಾಣ ಇರಲಿಲ್ಲ. ಅದು ಕೆಲಸ ಆರಂಭಿಸಿದ್ದು 2008ರ ಮೇ ತಿಂಗಳಲ್ಲಿ. ಇಂದು ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೇಲೆ ಹೊಸಕೋಟೆಗೆ ಹೋಗುವ ಹೆದ್ದಾರಿಯಲ್ಲಿ ಕಂಟೇನರು ಲಾರಿಗಳು ಹಗಲಿರುಳು ಓಡುತ್ತವೆ. ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ಕಡೆಗೆ ಬೆಂಗಳೂರಿನ ಯುವಕರು ದೊಡ್ಡ ಬೈಕುಗಳಲ್ಲಿ ಬಾಣದಂತೆ ಸಾಗುತ್ತಾರೆ. ಅವರ ಬೈಕುಗಳಿಗೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಇರುತ್ತದೆ. 125 ಸಿಸಿಗೆ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲಿನಿಂದ ಅದು ಕಡ್ಡಾಯ. ನಮ್ಮದಕ್ಕೆ ಎರಡೂ ಕಡೆ ಡ್ರಮ್ ಬ್ರೇಕು. ಸಾಲದ್ದಕ್ಕೆ ಎರಡು ಸ್ಟ್ರೋಕಿನ ಇಂಜಿನ್ ಆಕ್ಸಿಲರೇಟರು ಬಿಟ್ಟೊಡನೆ ಗಾಡಿಯನ್ನು ಹಿಡಿದು ನಿಲ್ಲಿಸುವುದು ಕಡಿಮೆ; ಬರಿದೆ ಉರುಳಿಕೊಂಡು ಮುಂದೆ ಹೋಗುತ್ತದೆ.

ಆಗಸ್ಟ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನೆಲಮಂಗಲದ ಬಂಧುಗಳ ಮನೆಯ ಕೂಸಿಗೆ ಜ್ಞಾನಸ್ನಾನವಿತ್ತು. ಮನೆಯಾಕೆಯನ್ನು ಹಿಂದೆ ಕೂರಿಸಿಕೊಂಡು ದೊಡ್ಡಬಳ್ಳಾಪುರದಿಂದ ಮಧುರೆಯ ದಾರಿಯಾಗಿ ಹೊರಟೆವು. ಒಂದು ಊರಿನ ಬಳಿ ಇಳಿಜಾರು. ರಸ್ತೆಯ ಎಡಗಡೆ ಹುಲ್ಲು ತುಂಬಿದ ಟ್ರ್ಯಾಕ್ಟರು ನಿಂತಿತ್ತು. ಅದರ ಮುಂದಿನಿಂದ ಸೈಕಲ್ಲು ತಳ್ಳಿಕೊಂಡು ಒಬ್ಬ ಹುಡುಗ ರಸ್ತೆಗೆ ಬಂದ. ನಾವು ಬ್ರೇಕು ತುಳಿದೆವು. ಪೆಡಲು ಕೆಳಗಿನವರೆಗೂ ಹೋಯಿತು, ಗಾಡಿ ನಿಲ್ಲಲಿಲ್ಲ. ಮುಂದಿನ ಬ್ರೇಕು ಎಳೆದಾಗ ಚಕ್ರ ವಾಲಿತು. ಮನೆಯಾಕೆ "ಯೇಸುವೇ" ಎಂದದ್ದು ಕಿವಿಗೆ ಬಿತ್ತು. ಹುಡುಗನ ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ನಮ್ಮ ಮುಂದಿನ ಚಕ್ರ ತಗುಲಿ, ಸೈಕಲ್ಲು ಅವನ ಕೈಯಿಂದ ಜಾರಿ ಬಿತ್ತು. ಹುಡುಗ ನಿಂತೇ ಇದ್ದ. ನಾವೂ ಬೀಳಲಿಲ್ಲ.

ಅವನ ವಯಸ್ಸು ಹನ್ನೆರಡು ಇರಬಹುದು. ಅಳಲಿಲ್ಲ, ಬೈಯಲಿಲ್ಲ. ಬಗ್ಗಿದ ಕ್ಯಾರಿಯರನ್ನು ನೋಡಿ, "ಅಪ್ಪ ಹೊಡೀತಾರೆ" ಎಂದ. ನಾವು ಅವನ ಮನೆಗೆ ಹೋಗಿ, ಅವನ ತಂದೆಗೆ ತಪ್ಪು ನಮ್ಮದೆಂದು ಹೇಳಿ, ಸೈಕಲ್ಲು ರಿಪೇರಿಯ ಹಣ ಕೊಟ್ಟೆವು. ಆ ತಂದೆ ನಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಕುಡಿಯಲು ನೀರು ತರಿಸಿದರು. ಅಲ್ಲಿಂದ ನೆಲಮಂಗಲದವರೆಗೆ ಮನೆಯಾಕೆ ಒಂದು ಮಾತೂ ಆಡಲಿಲ್ಲ. ಮದ್ಯಪಾನ ಮಾಡಿ ವಾಹನ ಓಡಿಸುವವರನ್ನು ನಾವು ಇದೇ ಅಂಕಣದಲ್ಲಿ ಖಂಡಿಸಿದ್ದೇವೆ. ಬ್ರೇಕು ಕೆಟ್ಟಿರುವುದನ್ನು ತಿಳಿದೂ ಓಡಿಸಿದವನಿಗೂ ಅವರಿಗೂ ಇರುವ ವ್ಯತ್ಯಾಸವೇನೆಂದು ಆ ದಾರಿಯುದ್ದಕ್ಕೂ ಯೋಚಿಸಿದೆವು. ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮುಂದಿನ ಶನಿವಾರ ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡಾಗ ನಮಗೆ ನಾಚಿಕೆಯಾದದ್ದು ಹುಡುಗನ ವಿಷಯಕ್ಕಿಂತಲೂ ತೀರ್ಥದ ವಿಷಯಕ್ಕೆ. ಎರಡು ನೂರು ರೂಪಾಯಿಯ ಲೈನರು ಹಾಕಿಸುವ ಬದಲು ನಾವು ಆಶೀರ್ವಾದದಿಂದ ಕೆಲಸ ತೆಗೆಯಲು ನೋಡಿದ್ದೆವು. ಮರುಭೂಮಿಯಲ್ಲಿ ಸೈತಾನನು ಪ್ರಭು ಯೇಸುವನ್ನು ದೇವಾಲಯದ ಶಿಖರದಿಂದ ಧುಮುಕೆಂದು, ದೂತರು ಎತ್ತಿಕೊಳ್ಳುವರೆಂದು ಪುಸಲಾಯಿಸಿದ್ದು ಇದೇ ಬಗೆಯ ಲೆಕ್ಕಾಚಾರಕ್ಕೆ ಅಲ್ಲವೇ?

ಅಂದಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ನೆಲಮಂಗಲದಲ್ಲಿ ಬ್ರೇಕಿಗೆ ಹೊಸ ಲೈನರು ಹಾಕಿಸಿ ಹೊರಡುವಷ್ಟರಲ್ಲಿ ಹೊತ್ತಾಗಿತ್ತು. ಕತ್ತಲು ಕವಿಯುವ ಸಮಯಕ್ಕೆ ಕನಸವಾಡಿಯ ಹತ್ತಿರ ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಹಳೆಯ ಯೆಜ್ಡಿಯ 6 ವೋಲ್ಟಿನ ದೀಪ ಮೊದಲೇ ಮಿಣುಕು, ಅದೂ ಆರಿತು. ಕನಸವಾಡಿಯೆಂದರೆ ಶನಿಮಹಾತ್ಮನ ಪ್ರಸಿದ್ಧ ದೇವಸ್ಥಾನವಿರುವ ಊರು. ಶನಿವಾರವಾದ್ದರಿಂದ ರಸ್ತೆ ತುಂಬ ಭಕ್ತರು. ನಮ್ಮ ಗಾಡಿ ನಿಲ್ಲಲು ಆರಿಸಿಕೊಂಡ ದಿನ ಮತ್ತು ಸ್ಥಳವನ್ನು ಕುರಿತು ನೆರೆಹೊರೆಯವರು ಇಂದಿಗೂ ಹಾಸ್ಯ ಮಾಡುತ್ತಾರೆ.

ನಾವಿಬ್ಬರೂ ರಸ್ತೆಯ ಪಕ್ಕದಲ್ಲಿ ನಿಂತೆವು. ಕನ್ನಡಿಗೆ ಜಪಸರ ತೂಗುಹಾಕಿದ್ದ ಒಂದು ಕಾರು ನಮ್ಮನ್ನು ದಾಟಿಹೋಯಿತು. ಅವರನ್ನು ನಾವು ದೂರುವುದಿಲ್ಲ. ದೀಪವಾರಿದ ಗಾಡಿಯೂ ಅದರ ಪಕ್ಕದ ಮುದುಕರೂ ಕತ್ತಲಲ್ಲಿ ಕಾಣದಿರಬಹುದು. ನಾವೇ ಬಸ್ಸಿನ ಕಿಟಕಿಯಿಂದ ಎಷ್ಟು ಜನರನ್ನು ಹೀಗೆ ದಾಟಿ ಹೋಗಿಲ್ಲ? ಸ್ವಲ್ಪ ಹೊತ್ತಿಗೆ ಹೆಂಡತಿ ಮಗುವಿನೊಂದಿಗೆ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬರು ನಿಲ್ಲಿಸಿದರು. ದೇವಸ್ಥಾನದಲ್ಲಿ ದೀಪ ಹಚ್ಚಿ ಬಂದಿದ್ದ ಅವರ ಕೈ ಎಳ್ಳೆಣ್ಣೆಯ ವಾಸನೆ ಬೀರುತ್ತಿತ್ತು. ಮೊಬೈಲಿನ ಬೆಳಕಿನಲ್ಲಿ ಪ್ಲಗ್ಗು ಬಿಚ್ಚಿ, ಒರೆಸಿ, ಹಾಕಿ ನೋಡಿದರು, ಪ್ರಯೋಜನವಾಗಲಿಲ್ಲ. ಆಗ ಖಾಲಿ ಹೋಗುತ್ತಿದ್ದ ಒಂದು ಗೂಡ್ಸ್ ಆಟೋವನ್ನು ಕೈಯೊಡ್ಡಿ ತಡೆದು, ಬಾಡಿಗೆ ಮಾತಾಡಿ, ನಾಲ್ಕು ಜನರನ್ನು ಕರೆದು ಬೈಕು ಏರಿಸಿದರು. ನಾವು ಸಂಕೋಚದಿಂದ, ಚರ್ಚಿನ ಕಾರ್ಯಕ್ಕೆ ಹೋಗಿ ಬರುತ್ತಿದ್ದೇವೆಂದು ಹೇಳಿಕೊಂಡೆವು. ಏಕೆ ಹೇಳಿದೆವೋ ತಿಳಿಯದು. ಅವರು, "ಯಾವ್ದಾದ್ರೇನ್ ಬಿಡಿ ಸಾರ್, ಕತ್ಲಾಯ್ತು, ಅಮ್ಮನೋರ್ನ ಮೊದ್ಲು ಕೂರ್ಸಿ" ಎಂದರು. ದೊಡ್ಡಬಳ್ಳಾಪುರದ ದಾರಿಯಲ್ಲಿ ಅರ್ಧದವರೆಗೆ ಆಟೋದ ಹಿಂದೆಯೇ ಬಂದು, ಕೈಬೀಸಿ, ಬೇರೆ ರಸ್ತೆಗೆ ತಿರುಗಿಕೊಂಡರು. ಹೆಸರು ಕೇಳಲು ನಾವು ಮರೆತಿದ್ದೆವು.

ಸಂತ ಲೂಕನ ಶುಭಸಂದೇಶದ ಸಮಾರಿತನ ಸಾಮತಿಯ ಮೇಲೆ ನಾವು ಪ್ರಬೋಧನೆಗಳನ್ನು ಎಷ್ಟೋ ಕೇಳಿದ್ದೇವೆ. ಕೇಳುವಾಗಲೆಲ್ಲ ನಮ್ಮನ್ನು ನಾವು ಸಮಾರಿತನ ಜಾಗದಲ್ಲಿಯೋ, ಬಹಳವೆಂದರೆ ನೋಡಿಯೂ ನೋಡದಂತೆ ಹೋದ ಯಾಜಕನ ಜಾಗದಲ್ಲಿಯೋ ಇಟ್ಟುಕೊಂಡಿದ್ದೇವೆ. ಜೆರಿಕೋ ದಾರಿಯಲ್ಲಿ ಬಿದ್ದಿದ್ದವನ ಜಾಗದಲ್ಲಿ ಇಟ್ಟುಕೊಂಡದ್ದಿಲ್ಲ. ಆ ಗಾಯಾಳುವಿಗೆ ನೆರವು ಬಂದದ್ದು ಅವನ ಸ್ವಂತ ಜನರಿಂದಲ್ಲ, ಅವನ ಜನರು ಕೀಳೆಂದು ಕಾಣುತ್ತಿದ್ದವನಿಂದ. ಕನಸವಾಡಿಯ ರಸ್ತೆಯಲ್ಲಿ ನಿಂತಾಗ ಈ ಮಾತಿನ ಭಾರ ನಮಗೆ ತಿಳಿಯಿತು. ಆ ಭಕ್ತರ ದೇವರನ್ನು ಕುರಿತು ನಾವು ಮನೆಯೊಳಗೆ ಲಘುವಾಗಿ ಆಡಿದ್ದ ಮಾತುಗಳು ನೆನಪಾಗಿ ತಲೆ ತಗ್ಗಿತು.

ರಸ್ತೆಯಲ್ಲಿ ಬಿದ್ದವರನ್ನು ಎತ್ತಲು ಹಲವರು ಹಿಂಜರಿಯುವುದು ಪೊಲೀಸು, ಕೋರ್ಟುಗಳ ಭಯದಿಂದ. ಈಗ ಆ ಭಯಕ್ಕೆ ಆಧಾರವಿಲ್ಲ. 2016ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪಘಾತದ ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮು ಸೇರಿತು. ಸದುದ್ದೇಶದಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ. ನಮ್ಮ ಸಂಘಗಳ ಸಭೆಗಳಲ್ಲಿ ಇದನ್ನು ಓದಿ ಹೇಳುವುದು ಉಪಯುಕ್ತ.

2007ರ ಜೂನಿನಲ್ಲಿ, ವಲಸಿಗರ ಮತ್ತು ಸಂಚಾರಿಗಳ ಪಾಲನೆಗಾಗಿ ಆಗ ವ್ಯಾಟಿಕನ್ನಿನಲ್ಲಿದ್ದ ಪರಿಷತ್ತು ರಸ್ತೆಯ ಪಾಲನಾ ಸೇವೆ ಕುರಿತು ಒಂದು ಮಾರ್ಗದರ್ಶಿಯನ್ನು ಪ್ರಕಟಿಸಿತು. ಅದರಲ್ಲಿ ವಾಹನ ಚಾಲಕರಿಗೆ ಹತ್ತು ಕಟ್ಟಳೆಗಳಿದ್ದವು. ಪತ್ರಿಕೆಗಳು ಅದನ್ನು ತಮಾಷೆಯ ಸುದ್ದಿಯಾಗಿ ಅಚ್ಚು ಹಾಕಿದವು. ನಮ್ಮಲ್ಲಿಯೂ ಹಲವರು ನಕ್ಕು ಮರೆತರು. ಆ ಹತ್ತರಲ್ಲಿ ಮೊದಲನೆಯದು ಕೊಲ್ಲಬೇಡವೆಂಬುದೇ ಆಗಿತ್ತು. ವಾಹನವನ್ನು ಅಧಿಕಾರದ, ದರ್ಪದ ಗುರುತಾಗಿಸಿಕೊಳ್ಳಬೇಡವೆಂಬುದೂ ಅಪಘಾತಕ್ಕೆ ಸಿಕ್ಕವರಿಗೆ ನೆರವಾಗೆಂಬುದೂ ಅದರಲ್ಲಿದ್ದವು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಹೆಲ್ಮೆಟ್ಟಿಲ್ಲದೆ ಸತ್ತ 50,029 ಮಂದಿಯಲ್ಲಿ ಹಿಂದೆ ಕುಳಿತವರೇ 14 ಸಾವಿರಕ್ಕೂ ಹೆಚ್ಚು. ಕರ್ನಾಟಕದಲ್ಲಿ ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಆದರೂ ಭಾನುವಾರ ನಮ್ಮ ದೇವಾಲಯದ ಬಾಗಿಲಲ್ಲಿ ನಿಂತು ನೋಡಿದರೆ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಮಡಿಲಲ್ಲಿ ಮಗುವಿಟ್ಟುಕೊಂಡು ಬರುವ ತಾಯಂದಿರು ಎಷ್ಟು ಜನ!

ನಮ್ಮ ಸಲಹೆ ಇಷ್ಟೇ. ಮುಂದಿನ ಜುಲೈಯಲ್ಲಿ ವಾಹನಗಳನ್ನು ಆಶೀರ್ವದಿಸುವ ಮುನ್ನ ಅಂಗಳದಲ್ಲಿಯೇ ಅವುಗಳನ್ನು ಪರೀಕ್ಷಿಸುವ ಏರ್ಪಾಡಾಗಲಿ. ನಮ್ಮ ಧರ್ಮಕೇಂದ್ರಗಳಲ್ಲಿ ಗ್ಯಾರೇಜಿನ ಕೆಲಸ ಬಲ್ಲವರು ಇದ್ದೇ ಇದ್ದಾರೆ. ಪಾಲನಾ ಸಮಿತಿಯಲ್ಲಿ ಅವರಿಗೆ ಕುರ್ಚಿ ಸಿಗುವುದು ಅಪರೂಪ. ಬ್ರೇಕು, ಟೈರು, ದೀಪ, ಚೈನು, ಹೆಲ್ಮೆಟ್ಟು, ಇಷ್ಟನ್ನು ನೋಡಲು ಒಂದು ಬೈಕಿಗೆ ಐದು ನಿಮಿಷ ಸಾಕು. ಸರಿಯಿದ್ದವರು ಸಾಲಿಗೆ ಬರಲಿ. ಇಲ್ಲದವರು ಸರಿಪಡಿಸಿಕೊಂಡು ಮುಂದಿನ ಭಾನುವಾರ ಬರಲಿ. 1984ರ ಆಶೀರ್ವಾದಗಳ ಗ್ರಂಥದಲ್ಲಿ ವಾಹನಗಳಿಗೆ ಪ್ರಾರ್ಥನೆ ಇದೆ. ಅದು ಓಡಿಸುವವರು ಇತರರ ಸುರಕ್ಷತೆಯ ಬಗ್ಗೆಯೂ ಎಚ್ಚರವಹಿಸಲೆಂದು ಬೇಡುತ್ತದೆ. ಬ್ರೇಕಿಲ್ಲದ ಗಾಡಿಯ ಮುಂದೆ ಆ ಪ್ರಾರ್ಥನೆ ಹೇಳಿಸುವುದು ಗುರುಗಳಿಗೆ ನಾವು ಮಾಡುವ ಅನ್ಯಾಯ.

ದೇವಾಲಯವನ್ನು ಗ್ಯಾರೇಜು ಮಾಡುತ್ತೀರೆಂದು ಹಿರಿಯರೊಬ್ಬರು ನಮ್ಮನ್ನು ಆಕ್ಷೇಪಿಸಿದರು. ಅದೇ ಅಂಗಳದಲ್ಲಿ ಕಣ್ಣಿನ ತಪಾಸಣೆ, ರಕ್ತದಾನ ನಡೆದಾಗ ದೇವಾಲಯ ಆಸ್ಪತ್ರೆಯಾಯಿತೆಂದು ಯಾರೂ ದೂರಲಿಲ್ಲ. ಎರಡನೆಯ ಆಕ್ಷೇಪಣೆ ಮನೆಯಾಕೆಯದು. ಅದು ಹೆಚ್ಚು ಗಂಭೀರ. ಹಾಲು, ಸೊಪ್ಪು ಹಾಕಿ ಬದುಕುವವನ ಮೊಪೆಡ್ಡಿನ ಟೈರು ಸವೆದಿದ್ದರೆ ಅವನನ್ನು ಎಲ್ಲರೆದುರು ಹಿಂದಕ್ಕೆ ಕಳಿಸುತ್ತೀರಾ, ಅವನಿಗೆ ಅದು ಅವಮಾನವಲ್ಲವೇ ಎಂದು ಅವರು ಕೇಳಿದರು. ನಮ್ಮಂತೆ ಶೋಕಿಗಾಗಿ ಹಳೆಯ ಬೈಕು ಕೊಂಡವರನ್ನು ಹಿಂದಕ್ಕೆ ಕಳಿಸಬಹುದು, ಅವನನ್ನು ಕಳಿಸಲಾಗದು. ಇದಕ್ಕೆ ದಾರಿ ತೋರಿಸುವುದು ಮೇಲೆ ಹೇಳಿದ ಮಿವಾದ ಆಸ್ಟ್ರಿಯ ಶಾಖೆ. ಅಪಘಾತವಿಲ್ಲದೆ ಕ್ರಮಿಸಿದ ಕಿಲೋಮೀಟರೊಂದಕ್ಕೆ ಒಂದು ಸೆಂಟಿನ ಹತ್ತನೆಯ ಒಂದು ಭಾಗದಂತೆ ಕೃತಜ್ಞತೆಯ ಕಾಣಿಕೆ ಕೊಡಿರೆಂದು ಅದು ಕ್ರಿಸ್ಟೋಫರರ ಹಬ್ಬದ ಹೊತ್ತಿಗೆ ಚಾಲಕರನ್ನು ಕೇಳುತ್ತದೆ. ಆ ಹಣದಿಂದ ಬಡ ನಾಡುಗಳ ಮಿಷನ್ನುಗಳಿಗೆ ವಾಹನ ಕೊಡಿಸುತ್ತದೆ. ನಾವು ಕಿಲೋಮೀಟರಿಗೆ ಐದು ಪೈಸೆಯಂತೆ ಹಾಕಿದರೂ ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರು ಓಡಿಸುವ ಒಬ್ಬರಿಂದ ಐನೂರು ರೂಪಾಯಿ ಬರುತ್ತದೆ. ಇಬ್ಬರು ಮೂವರ ಕಾಣಿಕೆ ಸೇರಿದರೆ ಒಂದು ಟೈರಿನ ಬೆಲೆಯಾದೀತು. ಕೊಡುವವರ ಹೆಸರನ್ನೂ ಪಡೆಯುವವರ ಹೆಸರನ್ನೂ ಪ್ರಕಟಣೆಯಲ್ಲಿ ಓದದಿದ್ದರಾಯಿತು.

ಹಳೆಯ ವಾಹನವೆಂದರೆ ಹೀಗಳೆಯಬೇಕಿಲ್ಲ. ದಿವಂಗತ ಪೋಪ್ ಫ್ರಾನ್ಸಿಸರು 2013ರಲ್ಲಿ ವೆರೋನದ ಗುರುವೊಬ್ಬರಿಂದ 1984ರ ಮಾದರಿಯ ರೆನೋ ಕಾರನ್ನು ಕಾಣಿಕೆಯಾಗಿ ಪಡೆದರು. ಅದು ಆಗಲೇ ಸುಮಾರು ಮೂರು ಲಕ್ಷ ಕಿಲೋಮೀಟರು ಓಡಿತ್ತು. ಮೂವತ್ತು ವರ್ಷ ಸೇವೆಯ ದಾರಿಯಲ್ಲಿ ಓಡಿದ ಗಾಡಿಗೆ ಅದರದೇ ಆದ ಘನತೆಯುಂಟು. ಆದರೆ ಜಗದ್ಗುರುಗಳು ಅದನ್ನು ಓಡಿಸಬೇಕಾಗಿದ್ದುದು ವ್ಯಾಟಿಕನ್ನಿನ ಗೋಡೆಗಳೊಳಗೆ. ದಾಬಸ್‌ಪೇಟೆಯ ಲಾರಿಗಳ ನಡುವೆ ಅಲ್ಲ.

ನಮ್ಮಂತೆ ನಡುವಯಸ್ಸು ದಾಟಿ ಬೈಕಿಗೆ ಮರಳುವ ಆಸೆಯುಳ್ಳವರು ನಮ್ಮ ವಾಚಕರಲ್ಲಿ ಇನ್ನೂ ಇರಬಹುದು. ಅವರನ್ನು ನಾವು ತಡೆಯುವುದಿಲ್ಲ. ಚಾಲನಾ ಪರವಾನಗಿಯ ಅವಧಿ ಮುಗಿದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆಗೆ ನಿಲ್ಲಬೇಕು. ಅದನ್ನು ಅವಮಾನವೆಂದು ತಿಳಿಯದೆ, ಮಧ್ಯವರ್ತಿಯ ಕೈಗೆ ಹಣವಿಡದೆ, ನಿಜವಾಗಿ ಪರೀಕ್ಷೆ ಕೊಡಲಿ. ಮೊದಲ ತಿಂಗಳು ಒಬ್ಬರೇ, ಹಗಲಿನಲ್ಲಿ, ಊರಿನ ಸುತ್ತಮುತ್ತ ಓಡಿಸಲಿ. ಹಿಂದಿನ ಆಸನದಲ್ಲಿ ಕೂರುವವರು ತಾವಾಗಿ ಕೂರಲೊಪ್ಪುವವರೆಗೆ ಕಾಯಲಿ.

ನಮ್ಮ ಮನೆಯಾಕೆ ಇನ್ನೂ ಒಪ್ಪಿಲ್ಲ. ಬೈಕು ಸದ್ಯಕ್ಕೆ ದೊಡ್ಡಬಳ್ಳಾಪುರದ ಮೆಕ್ಯಾನಿಕ್ಕರ ಅಂಗಡಿಯಲ್ಲಿದೆ. ಇಂಜಿನ್ನಿನ ಸೀಲುಗಳು ಮೈಸೂರಿನಿಂದ ಬರಬೇಕು. ಪರೀಕ್ಷೆಯ ಸಲಹೆಯನ್ನು ಗುರುಗಳ ಮುಂದಿಟ್ಟಿದ್ದೇವೆ. ಅವರು ತಮ್ಮ ಸ್ಕೂಟರಿನ ಹಿಂದಿನ ಟೈರನ್ನು ಬಗ್ಗಿ ನೋಡಿ, ಸಮಿತಿಯ ಮುಂದಿನ ಸಭೆಗೆ ಆ ವಿಷಯ ಬರಲಿ ಎಂದಿದ್ದಾರೆ. ಈ ಭಾನುವಾರ ನಾವು ಪೂಜೆಗೆ ಬಸ್ಸಿನಲ್ಲಿ ಬರುತ್ತೇವೆ.